ಸಿಂಡ್ರೆಲಾ ಯಾಕೆ ಎದುರು ಮಾತಾಡಲಿಲ್ಲ?

ಸಿಂಡ್ರೆಲಾ ಕಥೆ ಕೇಳಿ ಬೆಳೆದ ಮಕ್ಕಳು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮಲತಾಯಿ ಅಷ್ಟೆಲ್ಲ ಗೋಳುಹೊಯ್ದುಕೊಂಡರೂ ಅವಳು ಯಾಕೆ ಎದುರು ಮಾತಾಡಲಿಲ್ಲ? ಪಾತ್ರೆ ತೊಳಿ ಅಂದರೆ ತೊಳೆದಳು, ಒಲೆಯ ಬೂದಿ ಬಾಚು ಅಂದರೆ ಬಾಚಿದಳು. ಅದು ಅವಳ ಅಪ್ಪನ ಮನೆಯೇ ತಾನೆ? ಅಪ್ಪ ಎಲ್ಲಿ ಹೋಗಿದ್ದ? ಕಥೆ ಹೇಳುವವರಿಗೆ ಆ ಹೊತ್ತಿಗೆ ನಿದ್ದೆ ಎಳೆಯುತ್ತಿರುತ್ತದೆ. ‘ಪಾಪ, ಅವಳು ತುಂಬಾ ಒಳ್ಳೆಯವಳು, ಅದಕ್ಕೇ’ ಎಂದು ಹೇಳಿ ದೀಪ ಆರಿಸುತ್ತೇವೆ. ಒಳ್ಳೆಯವರಾದರೆ ಎಲ್ಲರ ಮಾತಿಗೂ ತಲೆಬಾಗಬೇಕು ಎಂಬ ಪಾಠವನ್ನು ನಮಗೇ ಗೊತ್ತಿಲ್ಲದೆ ಆ ಒಂದು ವಾಕ್ಯದಲ್ಲಿ ಹೇಳಿಬಿಟ್ಟಿರುತ್ತೇವೆ.

ಅಮೆರಿಕದ ಲೇಖಕಿ ಗೇಲ್ ಕಾರ್ಸನ್ ಲೆವೀನ್ ಅವರಿಗೆ ಆ ಉತ್ತರ ಸಾಲಲಿಲ್ಲ. ಬರವಣಿಗೆಯ ತರಗತಿಯೊಂದಕ್ಕಾಗಿ ಸಿಂಡ್ರೆಲಾ ಕಥೆಯನ್ನು ಹೊಸದಾಗಿ ಬರೆಯಲು ಕೂತಾಗ ಆ ಹುಡುಗಿಯ ಅತಿ ಒಳ್ಳೆಯತನವೇ ಅವರಿಗೆ ಅಡ್ಡ ಬಂತು. ಹೇಳಿದ್ದನ್ನೆಲ್ಲ ಮಾಡುತ್ತಾಳೆ ಅಂದಮೇಲೆ ಮಾಡಲೇಬೇಕಾದ ಕಟ್ಟು ಏನೋ ಇರಬೇಕು ಎಂದು ಯೋಚಿಸಿದರು. 1997ರಲ್ಲಿ ಬಂದ ‘ಎಲಾ ಎನ್‌ಚಾಂಟೆಡ್’ ಹುಟ್ಟಿದ್ದು ಹಾಗೆ. ಅದರ ನಾಯಕಿ ಎಲಾ ಹುಟ್ಟಿದ ದಿನ ಲೂಸಿಂಡಾ ಎಂಬ ಯಕ್ಷಿಣಿ ಬಂದು ‘ಈ ಮಗು ಸದಾ ವಿಧೇಯವಾಗಿರಲಿ’ ಎಂದು ವರ ಕೊಡುತ್ತಾಳೆ. ಅಲ್ಲಿಂದ ಮುಂದೆ ಯಾರು ಏನು ಅಪ್ಪಣೆ ಮಾಡಿದರೂ ಎಲಾ ಅದನ್ನು ಪಾಲಿಸಲೇಬೇಕು. ಪಾಲಿಸದೆ ತಡೆದುಕೊಂಡರೆ ತಲೆ ಸುತ್ತುತ್ತದೆ, ಮೈ ನಡುಗುತ್ತದೆ. ಐದನೆಯ ಹುಟ್ಟುಹಬ್ಬದಂದು ಅಡುಗೆಯ ಮ್ಯಾಂಡಿ ‘ತಿನ್ನು’ ಎಂದು ಕೇಕ್ ಕೊಟ್ಟರೆ, ಹೊಟ್ಟೆ ತುಂಬಿ ಕಣ್ಣಲ್ಲಿ ನೀರು ಬಂದರೂ ಮಗುವಿಗೆ ನಿಲ್ಲಿಸಲಾಗುವುದಿಲ್ಲ. ಮುಂದಿನ ವರ್ಷ, ಅಂದರೆ 1998ರಲ್ಲಿ, ಈ ಪುಸ್ತಕಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬೆರಿ ಆನರ್ ಸಂದಿತು.

ನನ್ನ ತಂಗಿಯ ಮಗಳಿಗೆ ಈಗ ಹದಿಮೂರು. ಮೈಸೂರಿನಲ್ಲಿ ಓದುತ್ತಿದ್ದಾಳೆ. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಬಂದವಳು ಇಂಥ ಕಾದಂಬರಿಗಳನ್ನು ಒಂದರ ಹಿಂದೊಂದು ಓದಿದಳು. ಅವಳು ಓದುವುದೂ ಗಟ್ಟಿಯಾಗಿಯೇ. ತುಟಿ ಬಿಚ್ಚಿ ಓದುತ್ತಾಳೆ ಎಂದಲ್ಲ, ಸಿಟ್ಟು ಬಂದರೆ ಪುಸ್ತಕ ಮಡಚಿ ಎದ್ದುಬಂದು ನಮ್ಮನ್ನು ಕೇಳುತ್ತಾಳೆ. ಎಲಾ ಕಥೆಯಲ್ಲಿ ಅವಳಿಗೆ ಮೊದಲು ಹಿಡಿಸಿದ್ದು ಒಂದು ಸಣ್ಣ ಪ್ರಸಂಗ. ‘ಈ ಬಟ್ಟಲು ಹಿಡಿದುಕೋ’ ಎಂದು ಮ್ಯಾಂಡಿ ಹೇಳಿದರೆ ಎಲಾ ಹಿಡಿದುಕೊಳ್ಳುತ್ತಾಳೆ, ಆದರೆ ನಿಂತಲ್ಲಿ ನಿಲ್ಲುವುದಿಲ್ಲ. ಕೈಗೆ ಅಪ್ಪಣೆಯಾಗಿದೆ, ಕಾಲಿಗೆ ಆಗಿಲ್ಲ! ಅಡುಗೆಮನೆ ತುಂಬ ಓಡಾಡುತ್ತಾಳೆ, ಮೊಟ್ಟೆ ಕಲಕಬೇಕಾದ ಮ್ಯಾಂಡಿ ಹಿಂದೆ ಹಿಂದೆ ಸುತ್ತಬೇಕು. ಇದನ್ನು ಓದಿದ ಹುಡುಗಿ ಎರಡು ದಿನ ನಮ್ಮ ಮನೆಯಲ್ಲೂ ಅದೇ ಪ್ರಯೋಗ ನಡೆಸಿದಳು. ಮಾತಿಗೆ ತಕ್ಕಷ್ಟೇ ಮಾಡುವುದು, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಅಪ್ಪಣೆಯ ಒಳಗೇ ಸಂದು ಹುಡುಕಿಕೊಳ್ಳುವ ಈ ಜಾಣತನ ಆ ವಯಸ್ಸಿನ ಎಲ್ಲರಿಗೂ ಗೊತ್ತು. ದಿನವಿಡೀ ‘ಅದು ಮಾಡು, ಇದು ಮಾಡಬೇಡ’ ಕೇಳಿಸಿಕೊಳ್ಳುವವರು ಅವರು ತಾನೆ?

ಆಮೇಲೆ ಹ್ಯಾಟಿ ಬರುತ್ತಾಳೆ. ಮುಂದೆ ಮಲ ಅಕ್ಕನಾಗುವ ಈ ಹುಡುಗಿ ಎಲಾಳ ಗುಟ್ಟನ್ನು ಅರೆಬರೆ ಹಿಡಿದುಬಿಡುತ್ತಾಳೆ. ಯಾಕೆ ಎಂದು ಅವಳಿಗೆ ಗೊತ್ತಿಲ್ಲ, ಹೇಳಿದ್ದನ್ನು ಇವಳು ಮಾಡುತ್ತಾಳೆ ಎಂಬುದಷ್ಟೇ ಗೊತ್ತು. ಬೋರ್ಡಿಂಗ್ ಶಾಲೆಗೆ ಹೋಗುವ ಗಾಡಿಯಲ್ಲಿ ಎಲಾಳ ಕೊರಳಲ್ಲಿದ್ದ ಸತ್ತ ತಾಯಿಯ ಹಾರವನ್ನು ‘ಕೊಡು’ ಎಂದು ತೆಗೆದುಕೊಳ್ಳುತ್ತಾಳೆ. ಶಾಲೆಯಲ್ಲಿ ಎಲಾಳಿಗೆ ಅರೀಡಾ ಎಂಬ ಗೆಳತಿ ಸಿಕ್ಕಿದಾಗ, ‘ಅವಳ ಸ್ನೇಹ ಬಿಡು’ ಎನ್ನುತ್ತಾಳೆ. ಇಲ್ಲಿಗೆ ಬರುವಾಗ ನಮ್ಮ ಹುಡುಗಿ ಊಟಕ್ಕೆ ಏಳಲಿಲ್ಲ. ‘ಹಾರ ಕಿತ್ಕೊಂಡಿದ್ದಕ್ಕಿಂತ ಇದು ಜಾಸ್ತಿ ದೊಡ್ಡಮ್ಮ. ಹಾರ ಹೋದ್ರೆ ಎಲಾಗೆ ಮಾತ್ರ ಬೇಜಾರು. ಇಲ್ಲಿ ಅರೀಡಾಗೆ ತಾನೇನು ತಪ್ಪು ಮಾಡಿದೆ ಅಂತಲೇ ಗೊತ್ತಾಗಲ್ಲ’ ಎಂದಳು. ನಾನು ಓದಿರುವ ಎಷ್ಟೋ ವಿಮರ್ಶೆಗಳಲ್ಲಿ ಇಷ್ಟು ನೇರವಾದ ಮಾತು ಸಿಕ್ಕಿಲ್ಲ. ಕಾದಂಬರಿಯ ಪ್ರಾಣ ಅಲ್ಲಿಯೇ ಇದೆ. ಬಲವಂತದ ವಿಧೇಯತೆ ವಿಧೇಯಳೊಬ್ಬಳನ್ನೇ ಸುಡುವುದಿಲ್ಲ, ಅವಳ ಮೂಲಕ ಇನ್ನೊಬ್ಬರನ್ನೂ ಸುಡುತ್ತದೆ. ಕೊನೆಯಲ್ಲಿ ರಾಜಕುಮಾರ ಚಾರ್ ತನ್ನನ್ನು ಮದುವೆಯಾಗು ಎಂದಾಗ, ಅವನನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಎಲಾ ಅದೇ ಕಾರಣಕ್ಕೆ ಒಲ್ಲೆ ಎನ್ನುತ್ತಾಳೆ. ನಾಳೆ ಯಾರೋ ಬಂದು ‘ಇವನನ್ನು ಕೊಲ್ಲು’ ಎಂದರೆ ತಾನು ಕೊಲ್ಲಬೇಕಾಗುತ್ತದಲ್ಲ! ಆ ನಿರಾಕರಣೆಯಿಂದ ಶಾಪ ಒಡೆಯುತ್ತದೆ. ಗಾಜಿನ ಚಪ್ಪಲಿ ಈ ಕಥೆಯಲ್ಲೂ ಇದೆ, ಆದರೆ ಬಿಡುಗಡೆ ತರುವುದು ‘ಆಗುವುದಿಲ್ಲ’ ಎಂಬ ಒಂದು ಮಾತು.

ಹಳೆಯ ಕಿನ್ನರ ಕಥೆಯನ್ನು ಎತ್ತಿಕೊಂಡು ಕಾದಂಬರಿಯಾಗಿ ಮರುಕಟ್ಟುವ ಈ ಪರಿ ಇಂಗ್ಲಿಷಿನಲ್ಲಿ ಈಗ ದೊಡ್ಡ ಹೊಳೆಯಾಗಿ ಹರಿಯುತ್ತಿದೆ. ಮೇಲ್ನೋಟಕ್ಕೆ ಇದೊಂದು ಮಾರುಕಟ್ಟೆಯ ಜಾಡು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಇವುಗಳಲ್ಲಿ ಒಳ್ಳೆಯವನ್ನು ಬಿಡಿಸಿ ನೋಡಿದರೆ ಒಂದೊಂದರ ತಳದಲ್ಲೂ ಯಾವುದೋ ಮಗು ಕೇಳಿ, ದೊಡ್ಡವರು ತಳ್ಳಿಹಾಕಿದ ಪ್ರಶ್ನೆ ಸಿಗುತ್ತದೆ. ಸ್ವಿಟ್ಜರ್ಲೆಂಡಿನ ಜಾನಪದ ವಿದ್ವಾಂಸ ಮ್ಯಾಕ್ಸ್ ಲೂಥಿ 1947ರಲ್ಲೇ ಯುರೋಪಿನ ಜನಪದ ಕಥೆಯ ಸ್ವಭಾವವನ್ನು ಬಿಡಿಸಿ ತೋರಿಸಿದ್ದರು. ಅಲ್ಲಿನ ಪಾತ್ರಗಳಿಗೆ ಒಳಗು ಎಂಬುದಿಲ್ಲ, ಎಲ್ಲ ಮೇಲ್ಮೈಯಲ್ಲೇ ನಡೆಯುತ್ತದೆ. ಗ್ರಿಮ್ ಸಹೋದರರ ‘ಏಳು ಕಾಗೆಗಳು’ ಕಥೆಯಲ್ಲಿ ತಂಗಿ ಗಾಜಿನ ಬೆಟ್ಟದ ಬಾಗಿಲು ತೆರೆಯಲು ತನ್ನ ಬೆರಳನ್ನೇ ಕತ್ತರಿಸಿ ಕೀಲಿಯಾಗಿ ಬಳಸುತ್ತಾಳೆ. ನೋವಿನ ಮಾತಿಲ್ಲ, ಬಾಗಿಲು ತೆರೆಯಿತು, ಕಥೆ ಮುಂದೆ ಹೋಯಿತು. ಆರು ವರ್ಷದ ಮಗು ಇದನ್ನು ತಕರಾರಿಲ್ಲದೆ ಕೇಳುತ್ತದೆ. ಹನ್ನೆರಡಕ್ಕೆ ಬಂದಮೇಲೆ ಕೇಳುವುದಿಲ್ಲ. ‘ಅವಳಿಗೆ ನೋವಾಗಲಿಲ್ವಾ?’ ಎನ್ನುತ್ತದೆ. ತನಗೂ ಒಂದು ಒಳಗು ಇದೆ, ಅದನ್ನು ಹೊರಗಿನವರು ಕಾಣುತ್ತಿಲ್ಲ ಎಂದು ಗೊತ್ತಾಗುವ ವಯಸ್ಸು ಅದು. ಮರುಕಥನದ ಕಾದಂಬರಿಗಳು ಆ ವಯಸ್ಸಿನವರ ಕೈಗೆ ಸೇರುವುದು ಆಕಸ್ಮಿಕವಲ್ಲ.

ಶಾನನ್ ಹೇಲ್ ಅವರ ‘ದಿ ಗೂಸ್ ಗರ್ಲ್’ (2003) ಇದನ್ನು ಚೆನ್ನಾಗಿ ತೋರಿಸುತ್ತದೆ. ಇದರ ಮೂಲಕಥೆಯನ್ನು ಗ್ರಿಮ್ ಸಹೋದರರಿಗೆ ಹೇಳಿದವಳು ಕಾಸೆಲ್ ಪಟ್ಟಣದ ಹತ್ತಿರದ ಡೊರೊಥಿಯಾ ಫೀಮನ್ ಎಂಬ ದರ್ಜಿಯ ಹೆಂಡತಿ. ದೂರದೇಶದ ರಾಜಕುಮಾರನನ್ನು ಮದುವೆಯಾಗಲು ಹೊರಟ ರಾಜಕುಮಾರಿಯನ್ನು ದಾರಿಯಲ್ಲಿ ದಾಸಿ ಬೆದರಿಸಿ, ಬಟ್ಟೆ ಬದಲಿಸಿಕೊಂಡು, ತಾನೇ ರಾಜಕುಮಾರಿ ಎಂದು ಮೆರೆಯುತ್ತಾಳೆ. ನಿಜವಾದವಳು ಬಾತುಗಳನ್ನು ಮೇಯಿಸುವ ಕೆಲಸಕ್ಕೆ ಬೀಳುತ್ತಾಳೆ. ಮಾತಾಡುವ ಕುದುರೆ ಫಲಾಡಾ ಗುಟ್ಟು ಬಿಟ್ಟೀತೆಂದು ದಾಸಿ ಅದರ ತಲೆ ಕಡಿಸುತ್ತಾಳೆ. ರಾಜಕುಮಾರಿ ಆ ತಲೆಯನ್ನು ಊರಬಾಗಿಲಿಗೆ ಮೊಳೆ ಹೊಡೆಸಿ ಹಾಕಿಸುತ್ತಾಳೆ, ಅದು ಅಲ್ಲಿಂದಲೂ ಮಾತಾಡುತ್ತದೆ. ಇದು ಗ್ರಿಮ್ ಕಥೆ. ಕುದುರೆ ಸತ್ತಿದ್ದಕ್ಕೆ ಅಳಲು ಅಲ್ಲಿ ಜಾಗವೇ ಇಲ್ಲ.

ಹೇಲ್ ಕಾದಂಬರಿಯಲ್ಲಿ ರಾಜಕುಮಾರಿ ಆನಿಗೆ ಪ್ರಾಣಿಗಳ ಮಾತು ತಿಳಿಯುವ ಶಕ್ತಿ ಇದೆ. ಫಲಾಡಾ ಮರಿಯಾಗಿ ನೆಲಕ್ಕೆ ಬೀಳುವ ಹೊತ್ತಿನಲ್ಲಿ ಅವಳು ಲಾಯದಲ್ಲಿದ್ದಾಳೆ. ಒದ್ದೆ ಮೈಯ ಮರಿಯ ಬಾಯಿಂದ ಮೊದಲು ಹೊರಟ ಮಾತೇ ಅದರ ಹೆಸರು, ಅದನ್ನು ಕೇಳಿಸಿಕೊಂಡವಳು ಇವಳೊಬ್ಬಳೇ. ಅಷ್ಟು ಹತ್ತಿರದಿಂದ ಶುರುವಾದ ಸ್ನೇಹ ಅದು. ಆ ಕುದುರೆಯ ತಲೆಯನ್ನು ಗೋಡೆಯ ಮೇಲೆ ಕಾಣುವಾಗ ಓದುವ ಹುಡುಗಿಗೆ ಏನಾಗಬೇಕೋ ಅದೇ ಆಯಿತು. ಕಣ್ಣೊರೆಸಿಕೊಂಡು ಬಂದು ಗ್ರಿಮ್ ಕಥೆಯನ್ನೂ ಹುಡುಕಿ ಓದಿದಳು. ‘ಅಲ್ಲಿ ತಲೆ ಮಾತಾಡತ್ತೆ, ಇಲ್ಲಿ ಹೆಚ್ಚು ಕಮ್ಮಿ ಸುಮ್ನಿರತ್ತೆ. ನಂಗೆ ಮಾತಾಡೋದೇ ಇಷ್ಟ’ ಎಂದಳು.

ಈ ಮಾತಿನಲ್ಲಿ ನನಗೂ ಸಮ್ಮತಿ ಇದೆ. ಕಾದಂಬರಿಗೆ ಕಾರಣಗಳ ಚಟ. ಗಾಳಿ ಯಾಕೆ ಇವಳ ಮಾತು ಕೇಳುತ್ತದೆ, ಕುದುರೆ ಹೇಗೆ ಮಾತಾಡುತ್ತದೆ, ದಾಸಿಗೆ ಜನರನ್ನು ಮರುಳು ಮಾಡುವ ಶಕ್ತಿ ಎಲ್ಲಿಂದ ಬಂತು, ಎಲ್ಲಕ್ಕೂ ಅಲ್ಲಿ ಒಂದು ಏರ್ಪಾಡು ಬೇಕು. ಹೇಲ್ ಮನುಷ್ಯರ ಮನ ಗೆಲ್ಲುವ ಮಾತು, ಪ್ರಾಣಿಗಳ ಮಾತು, ಗಾಳಿ ನೀರು ಬೆಂಕಿಯ ಮಾತು ಎಂದು ಮೂರು ಬಗೆ ಮಾಡಿ ಅಚ್ಚುಕಟ್ಟಾಗಿ ಕಟ್ಟಿದ್ದಾರೆ. ಆ ಅಚ್ಚುಕಟ್ಟಿನಲ್ಲಿ ಬಾಗಿಲಿಗೆ ಮೊಳೆ ಹೊಡೆದ ತಲೆ ಮಾತಾಡುವಂಥ ಬೆಚ್ಚಿಬೀಳಿಸುವ ಸಂಗತಿಗೆ ಎಡೆ ಕಡಿಮೆ. ಫೀಮನ್ ಬಾಯಲ್ಲಿ ಬಂದ ಕಥೆಗೆ ಅಂಥ ಹೊಣೆ ಇರಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಓದಿದ ಮಕ್ಕಳು ಮಾತ್ರ ಇದನ್ನು ಹೀಗೆ ಗುರುತಿಸಬಲ್ಲರು. ಅದಕ್ಕೇ ಮರುಕಥನ ಓದುವ ಮಕ್ಕಳ ಕೈಗೆ ಮೂಲಕಥೆಯನ್ನೂ ಕೊಡಿ ಎಂದು ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ.

‘ಮೂಲ’ ಎಂದೆ. ಆದರೆ ಕಥೆಗೆ ಕಾಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಮೂಲ ಹಿಡಿಯುವುದು ಸುಲಭವಿಲ್ಲ. ರಪುಂಜೆಲ್ ಕಥೆಯನ್ನೇ ನೋಡಿ. ಗೋಪುರದಲ್ಲಿ ಕೂಡಿಹಾಕಿದ ಹುಡುಗಿ, ಕೆಳಗಿಳಿಬಿಟ್ಟ ಜಡೆ, ಅದನ್ನು ಹಿಡಿದು ಹತ್ತಿಬರುವ ಮಾಟಗಾತಿ, ಆಮೇಲೆ ಗುಟ್ಟಾಗಿ ಹತ್ತಿಬರುವ ರಾಜಕುಮಾರ. ಈಗ ಎಲ್ಲೆಡೆ ಸಿಗುವ ಗ್ರಿಮ್ ಪಾಠದಲ್ಲಿ ರಪುಂಜೆಲ್ ಒಂದು ದಿನ ತಾನಾಗಿಯೇ ಮಾಟಗಾತಿಗೆ, ‘ರಾಜಕುಮಾರನನ್ನು ಎಳೆದುಕೊಳ್ಳುವುದಕ್ಕಿಂತ ನಿಮ್ಮನ್ನು ಎಳೆದುಕೊಳ್ಳುವುದು ಯಾಕಿಷ್ಟು ಭಾರ?’ ಎಂಬ ಅರ್ಥದ ಮಾತು ಆಡಿ ಸಿಕ್ಕಿಬೀಳುತ್ತಾಳೆ. ನಮ್ಮ ಹುಡುಗಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ‘ಇಷ್ಟು ದಿನ ಗುಟ್ಟು ಕಾಪಾಡಿದೋಳು ಅಷ್ಟು ಪೆದ್ದಿಯಾ? ಇದು ಅವಳ ಮಾತಲ್ಲ’ ಎಂದು ವಾದಕ್ಕೆ ನಿಂತಳು.

ಅವಳು ಹೇಳಿದ್ದು ಅಕ್ಷರಶಃ ನಿಜ, ಆ ಮಾತು ಮೊದಲಿಗೆ ಅಲ್ಲಿರಲಿಲ್ಲ. 1812ರಲ್ಲಿ ಬಂದ ಮೊದಲ ಮುದ್ರಣದಲ್ಲಿ ರಪುಂಜೆಲ್ ಕೇಳುವುದೇ ಬೇರೆ: ತನ್ನ ಬಟ್ಟೆಗಳೆಲ್ಲ ಯಾಕೋ ಬಿಗಿಯಾಗುತ್ತಿವೆ, ಮೈಗೆ ಹಿಡಿಸುತ್ತಿಲ್ಲವಲ್ಲ ಎಂದು. ಲೋಕ ಕಾಣದೆ ಗೋಪುರದಲ್ಲೇ ಬೆಳೆದವಳಿಗೆ ತಾನು ಬಸುರಿ ಎಂಬುದೇ ಗೊತ್ತಿಲ್ಲ. ಎಷ್ಟು ಸಹಜ, ಎಷ್ಟು ಕರುಳು ಹಿಂಡುವ ಮಾತು! ಮಕ್ಕಳ ಪುಸ್ತಕದಲ್ಲಿ ಇಂಥದ್ದು ಸಲ್ಲದು ಎಂಬ ಆಕ್ಷೇಪ ಬಂದಾಗ ವಿಲ್ಹೆಲ್ಮ್ ಗ್ರಿಮ್ ಮುಂದಿನ ಮುದ್ರಣಗಳಲ್ಲಿ ಅದನ್ನು ತೆಗೆದು ಆ ಜಾಗಕ್ಕೆ ಭಾರದ ಮಾತನ್ನು ಕೂರಿಸಿದರು. ಬಸಿರು ಹೋಯಿತು, ಆದರೆ ಕಥೆಯ ಕೊನೆಯಲ್ಲಿ ರಪುಂಜೆಲ್ ಅವಳಿ ಮಕ್ಕಳೊಡನೆ ಕಾಣಿಸಿಕೊಳ್ಳುವುದು ಹಾಗೇ ಉಳಿಯಿತು. ಸಂಸ್ಕಾರ ಮಾಡಲು ಹೋಗಿ ಅವರು ಒಬ್ಬ ಮುಗ್ಧೆಯನ್ನು ದಡ್ಡಿ ಮಾಡಿದರು. ಇನ್ನೂರು ವರ್ಷದ ಹಿಂದೆ ಹಾಕಿದ ಆ ಹೊಲಿಗೆ ಹದಿಮೂರರ ಹುಡುಗಿಯ ಕೈಗೆ ತಟ್ಟನೆ ತಗುಲಿತು. ಅವಳ ತಲೆಯಲ್ಲಿ ಪಾಠಾಂತರದ ಶಾಸ್ತ್ರ ಇರಲಿಲ್ಲ. ‘ಇವಳು ಹೀಗೆ ಮಾತಾಡುವವಳಲ್ಲ’ ಎಂಬ ತಿಳಿವು ಮಾತ್ರ ಇತ್ತು. ಹಳಗನ್ನಡ ಕಾವ್ಯದಲ್ಲಿ ಪ್ರಕ್ಷಿಪ್ತ ಪದ್ಯ ಗುರುತಿಸುವ ನಮ್ಮ ವಿದ್ವಾಂಸರು ನೆಚ್ಚುವುದೂ ಕೊನೆಗೆ ಇದೇ ತಿಳಿವನ್ನು.

1812ರ ಪಾಠವೂ ಮೂಲವಲ್ಲ ಎಂಬುದನ್ನು ಹೇಳಬೇಕು. ಫ್ರೆಂಚ್ ಲೇಖಕಿ ಮದ್ಮೊಸೆಲ್ ದ ಲಾ ಫೋರ್ಸ್ 1698ರಲ್ಲಿ ಬರೆದ ‘ಪರ್ಸಿನೆತ್’ ಕಥೆ 1790ರಲ್ಲಿ ಜರ್ಮನ್ನಿಗೆ ಬಂದು, ಅಲ್ಲಿಂದ ಗ್ರಿಮ್ ಪುಸ್ತಕ ಸೇರಿತು. ತಿದ್ದುಪಡಿಗಳೂ ಒಂದೆರಡಲ್ಲ. ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟ ರಾಣಿ 1812ರಲ್ಲಿ ಹೆತ್ತ ತಾಯಿಯೇ. 1819ರ ಮುದ್ರಣದಲ್ಲಿ ಅವಳು ಮಲತಾಯಿಯಾದಳು. ಹ್ಯಾನ್ಸೆಲ್, ಗ್ರೆಟೆಲ್ ಎಂಬ ಎಳೆಯರನ್ನು ಕಾಡಿಗೆ ಅಟ್ಟುವ ತಾಯಿ ಮಲತಾಯಿಯಾದದ್ದು 1840ರಲ್ಲಿ. ಹೆತ್ತವಳು ಹೀಗೆ ಮಾಡಬಾರದು ಎಂಬ ದೊಡ್ಡವರ ಆಸೆ ಆ ತಿದ್ದುಪಡಿ ಮಾಡಿಸಿತು. ಜಗತ್ತಿನ ಮಲತಾಯಂದಿರು ಅದರ ಕೆಟ್ಟ ಹೆಸರನ್ನು ಇಂದಿಗೂ ಹೊರುತ್ತಿದ್ದಾರೆ. ಗ್ರಿಮ್ ಸಹೋದರರು ಶುರು ಮಾಡಿದ್ದು ಟಿಪ್ಪಣಿಗಳಿಂದ ತುಂಬಿದ ವಿದ್ವತ್ ಗ್ರಂಥವಾಗಿ. ಐವತ್ತು ಕಥೆಗಳ ಸಣ್ಣ ಮಕ್ಕಳ ಆವೃತ್ತಿ ಬಂದದ್ದು 1825ರಲ್ಲಿ. ಏಳನೆಯ ಮುದ್ರಣ 1857ರಲ್ಲಿ ಬರುವ ಹೊತ್ತಿಗೆ ಎಷ್ಟೋ ಕಥೆಗಳು ಗುರುತು ಸಿಗದಷ್ಟು ಬದಲಾಗಿದ್ದವು. ಹಾಗಾಗಿ ‘ಇಂದಿನ ಲೇಖಕರು ಹಳೆಯ ಕಥೆಗಳನ್ನು ಕೆಡಿಸುತ್ತಿದ್ದಾರೆ’ ಎಂಬ ದೂರು ನನಗೆ ಅರ್ಥವಾಗುವುದಿಲ್ಲ. ಕೆಡಿಸಲು ಕೆಡದೆ ಉಳಿದದ್ದು ಯಾವುದಿತ್ತು?

ತಿದ್ದುವವರು ಯಾರ ಪರವಾಗಿ ತಿದ್ದುತ್ತಾರೆ ಎಂಬುದೇ ಮುಖ್ಯ. ವಿಲ್ಹೆಲ್ಮ್ ಗ್ರಿಮ್ ತಂದೆತಾಯಿಯರ ಪರವಾಗಿ ತಿದ್ದಿದರು. ಡೊನಾ ಜೋ ನಾಪೊಲಿ ‘ಝೆಲ್’ (1996) ಎಂಬ ಕಾದಂಬರಿಯಲ್ಲಿ ರಪುಂಜೆಲ್ ಕಥೆಯನ್ನು ಹದಿನಾರನೆಯ ಶತಮಾನದ ಸ್ವಿಟ್ಜರ್ಲೆಂಡಿನಲ್ಲಿಟ್ಟು ಹೇಳುವಾಗ, ಮಗಳನ್ನು ಗೋಪುರಕ್ಕೆ ಹಾಕುವ ತಾಯಿಗೇ ‘ನಾನು’ ಎಂದು ಮಾತಾಡಲು ಬಿಟ್ಟರು. ಮಗಳು ತನ್ನನ್ನು ಬಿಟ್ಟುಹೋದಾಳೆಂಬ ಭಯವೇ ಅವಳನ್ನು ಮಾಟಗಾತಿ ಮಾಡಿದೆ. ಇದನ್ನು ಹದಿಮೂರರವಳು ಹೇಗೆ ತೆಗೆದುಕೊಂಡಾಳೋ ಎಂದು ನನಗೆ ಆತಂಕವಿತ್ತು. ‘ಪ್ರೀತಿ ಇದ್ರೂ ತಪ್ಪು ತಪ್ಪೇ’ ಎಂದು ಪುಸ್ತಕ ವಾಪಸು ಕೊಟ್ಟಳು. ತಾಯಿಯ ನೋವನ್ನು ಪೂರ್ತಿ ಕೇಳಿಸಿಕೊಂಡಳು, ಕ್ಷಮಿಸಲಿಲ್ಲ. ಹಾಗೆ ಕ್ಷಮಿಸದೆ ಇರುವ ಹಕ್ಕು ಓದುವವಳದು.

ಇನ್ನು ‘ಬ್ಯೂಟಿ ಅಂಡ್ ದಿ ಬೀಸ್ಟ್’. ಸುಂದರಿ ಮತ್ತು ಮೃಗದ ಈ ಕಥೆಯನ್ನು 1740ರಲ್ಲಿ ಫ್ರೆಂಚಿನಲ್ಲಿ ಬರೆದವರು ಮದಾಮ್ ದ ವಿಲ್‌ನೂವ್, ದೊಡ್ಡವರಿಗೆಂದು, ಬಹಳ ಉದ್ದವಾಗಿ. ಲಂಡನ್ನಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದ ಮದಾಮ್ ಲಪ್ರಾಂಸ್ ದ ಬೊಮೊಂ 1756ರಲ್ಲಿ ಅದನ್ನು ಕತ್ತರಿಸಿ ಚಿಕ್ಕದು ಮಾಡಿದರು. ನಮಗೆಲ್ಲ ಗೊತ್ತಿರುವುದು ಆ ಚಿಕ್ಕದರ ಮಕ್ಕಳು ಮೊಮ್ಮಕ್ಕಳು. 1978ರಲ್ಲಿ ಅಮೆರಿಕದ ರಾಬಿನ್ ಮೆಕಿನ್ಲಿ ತಮ್ಮ ಮೊದಲ ಕಾದಂಬರಿ ‘ಬ್ಯೂಟಿ’ಯಲ್ಲಿ ನಾಯಕಿಯನ್ನು ಸಾಧಾರಣ ರೂಪಿನ, ಕುದುರೆ ಮತ್ತು ಪುಸ್ತಕದ ಹುಚ್ಚಿನ ಹುಡುಗಿಯಾಗಿಸಿದರು. ಬ್ಯೂಟಿ ಎಂಬುದು ಚಿಕ್ಕಂದಿನಲ್ಲಿ ಅಂಟಿಕೊಂಡ ಅಡ್ಡಹೆಸರು, ಅದನ್ನು ಕೇಳಿದರೆ ಅವಳಿಗೇ ಮುಜುಗರ. ಅಕ್ಕಂದಿರು ಹೊಟ್ಟೆಕಿಚ್ಚಿನವರಲ್ಲ, ಅಕ್ಕರೆಯವರು. ಮೃಗದ ಕೋಟೆಯಲ್ಲಿ ಒಂದು ಗ್ರಂಥಾಲಯವಿದೆ, ಅಲ್ಲಿ ಇನ್ನೂ ಯಾರೂ ಬರೆಯದ ಪುಸ್ತಕಗಳೂ ಇವೆ. ನಮ್ಮ ಹುಡುಗಿ ಆ ಪುಟಗಳನ್ನು ಬಿಟ್ಟು ಮುಂದೆ ಹೋಗಲು ಒಲ್ಲೆ ಎಂದಳು.

ಕೊನೆಗೆ ಬಂದಾಗ ಮುಖ ಬಾಡಿತು. ಮೃಗ ಸುಂದರ ಪುರುಷನಾಗುತ್ತಾನೆ, ಕನ್ನಡಿಯಲ್ಲಿ ನೋಡಿಕೊಂಡರೆ ಅವಳೂ ಸುಂದರಿಯಾಗಿದ್ದಾಳೆ. ‘ಚೆಂದ ಇಲ್ದಿದ್ರೂ ಪರ್ವಾಗಿಲ್ಲ ಅಂತ ಇಡೀ ಪುಸ್ತಕ ಹೇಳಿ ಕೊನೇಲಿ ಚೆಂದ ಮಾಡಿಬಿಟ್ರೆ ಹೇಗೆ? ಅವಳಿಗೆ ಇಷ್ಟ ಆಗಿದ್ದು ಆ ಮೃಗ ತಾನೆ? ಈಗ ಎದುರಿಗಿರೋನು ಯಾರೋ!’ ಈ ನಿರಾಸೆಗೆ ನನ್ನ ಬಳಿ ಉತ್ತರವಿರಲಿಲ್ಲ, ಲೇಖಕಿಯ ಬಳಿ ಇತ್ತು. ಸುಮಾರು ಇಪ್ಪತ್ತು ವರ್ಷದ ಮೇಲೆ, 1997ರಲ್ಲಿ, ಮೆಕಿನ್ಲಿ ಅದೇ ಕಥೆಯನ್ನು ‘ರೋಸ್ ಡಾಟರ್’ ಎಂಬ ಹೆಸರಿನಲ್ಲಿ ಮತ್ತೊಮ್ಮೆ ಬರೆದರು. ಅದರಲ್ಲಿ ಕೊನೆಯ ಆಯ್ಕೆ ಬ್ಯೂಟಿಯದು, ಅವಳು ಮೃಗ ಮೃಗವಾಗಿಯೇ ಇರಲಿ ಎನ್ನುತ್ತಾಳೆ. ಒಬ್ಬರೇ ಲೇಖಕಿ, ಒಂದೇ ಕಥೆ, ಎರಡು ಕೊನೆ. ಪುಸ್ತಕವಾಗಿ ನೋಡಿದರೆ ಮೊದಲನೆಯದೇ ಹೆಚ್ಚು ಸೊಗಸು, ಎರಡನೆಯದು ಗುಲಾಬಿ ತೋಟದ ವರ್ಣನೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಆದರೆ ಆ ಕೊನೆಗಾಗಿ ಅದನ್ನು ಓದಲೇಬೇಕು.

ಮರಿಸಾ ಮೇಯರ್ ಅವರ ‘ಸಿಂಡರ್’ (2012) ಬಗ್ಗೆ ಹೆಚ್ಚು ಹೇಳಲಾರೆ. ಅದರ ಸಿಂಡ್ರೆಲಾ ಭವಿಷ್ಯದ ನ್ಯೂ ಬೀಜಿಂಗ್‌ನಲ್ಲಿ ಯಂತ್ರ ರಿಪೇರಿ ಮಾಡುವ, ಅರ್ಧ ಯಂತ್ರದ ಮೈಯ ಹುಡುಗಿ. ಮೊದಲ ಪುಟಗಳಲ್ಲೇ ತನಗೆ ಚಿಕ್ಕದಾದ ಲೋಹದ ಪಾದವನ್ನು ತಿರುಪು ಬಿಚ್ಚಿ ತೆಗೆಯುತ್ತಾಳೆ. ಅರಮನೆಯ ಮೆಟ್ಟಿಲ ಮೇಲೆ ಚಪ್ಪಲಿಯ ಬದಲು ಪಾದವೇ ಕಳಚಿ ಬೀಳುತ್ತದೆ. ಗ್ರಿಮ್ ಕಥೆಯಲ್ಲಿ ಮಲ ಅಕ್ಕಂದಿರು ಪಾದರಕ್ಷೆಗೆ ಹಿಡಿಸಲೆಂದು ಹೆಬ್ಬೆರಳು, ಹಿಮ್ಮಡಿ ಕತ್ತರಿಸಿಕೊಳ್ಳುವುದನ್ನು ಓದಿದ್ದ ನಮ್ಮ ಹುಡುಗಿ ಎರಡನ್ನೂ ತಾನೇ ಜೋಡಿಸಿಕೊಂಡು ಖುಷಿಪಟ್ಟಳು. ಕಥೆ ನಾಲ್ಕು ಸಂಪುಟಕ್ಕೆ ಹರಡಿದೆ, ನನಗೆ ಎಳೆದಂತೆ ಕಂಡಿತು, ಅವಳಿಗೆ ಸಾಲದೆನಿಸಿತು. ನವೋಮಿ ನೊವಿಕ್ ಅವರ ‘ಸ್ಪಿನ್ನಿಂಗ್ ಸಿಲ್ವರ್’ (2018) ಇನ್ನೂ ಸ್ವಲ್ಪ ದೊಡ್ಡವರಿಗೆ. ಹುಲ್ಲನ್ನು ಚಿನ್ನವಾಗಿ ನೂಲುವ ರಂಪೆಲ್‌ಸ್ಟಿಲ್ಟ್‌ಸ್ಕಿನ್ ಕಥೆಯನ್ನು ಅಲ್ಲಿ ಯಹೂದಿ ಬಡ್ಡಿ ವ್ಯಾಪಾರಿಯ ಮಗಳೊಬ್ಬಳು ತಿರುಗಿಸಿ ಹೇಳುತ್ತಾಳೆ. ಸಾಲ ಕೊಟ್ಟು ವಸೂಲಿ ಮಾಡುವವರೇ ಸದಾ ದುಷ್ಟರಾಗುವ ಕಥೆಗಳನ್ನು ಕಟ್ಟಿದವರು ಸಾಲ ತೀರಿಸಲು ಮನಸ್ಸಿಲ್ಲದವರು ಎಂಬ ಅವಳ ವಾದ ಯುರೋಪಿನ ಒಂದು ದೊಡ್ಡ ಅನ್ಯಾಯದ ಕಡೆಗೆ ಕೈ ತೋರುತ್ತದೆ. ನಮ್ಮ ಹುಡುಗಿಗೆ ಹದಿನಾರು ತುಂಬಿದಾಗ ಕೊಡೋಣವೆಂದು ಎತ್ತಿಟ್ಟಿದ್ದೇನೆ.

ಇಷ್ಟೆಲ್ಲ ಓದಿದಮೇಲೆ ಅವಳು, ‘ಕನ್ನಡದಲ್ಲಿ ಇಂಥದ್ದು ಯಾವ್ದಿದೆ?’ ಎಂದು ಕೇಳಿದಳು. ಮರುಕಥನ ನಮಗೆ ಹೊಸದೇ? ಪಂಪನಿಂದ ಹಿಡಿದು ಭೈರಪ್ಪನವರ ‘ಪರ್ವ’ದವರೆಗೆ (1979) ನಾವು ಹಳೆಯ ಕಥೆಗಳನ್ನು ಹೊಸದಾಗಿ ಹೇಳುತ್ತಲೇ ಬಂದವರು. ಜರ್ಮನಿಯ ಹಾಮೆಲಿನ್ ಊರಿನ ಇಲಿ ಓಡಿಸುವವನ ಕಥೆಯನ್ನು ರಾಬರ್ಟ್ ಬ್ರೌನಿಂಗ್ ಪದ್ಯದ ಮೂಲಕ ಎತ್ತಿಕೊಂಡ ಕುವೆಂಪು ಅದನ್ನು ತುಂಗಾ ತೀರಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮಾಡಿದರು. ಅದು ಬೇರೆ ದೇಶದ ಕಥೆ ಎಂದು ಯಾವ ಕನ್ನಡದ ಮಗುವಿಗಾದರೂ ಅನ್ನಿಸಿದೆಯೇ? ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಗಿರೀಶ ಕಾರ್ನಾಡರು ‘ನಾಗಮಂಡಲ’ (1988) ನಾಟಕವಾಗಿಸಿದರು. ಹೂಮರವಾಗುವ ಹುಡುಗಿಯ ಕಥೆಯನ್ನು 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು. ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ಗೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶ್ರೇಷ್ಠವಾದವೇ, ಆದರೆ ಇವು ದೊಡ್ಡವರ ರಂಗಕ್ಕೆ, ದೊಡ್ಡವರ ತೆರೆಗೆ ಬರೆದವು. ಮಕ್ಕಳಿಗೆ ಚಿತ್ರಪುಸ್ತಕಗಳಿವೆ, ಪದ್ಯಗಳಿವೆ. ಹನ್ನೆರಡಕ್ಕೂ ಹದಿನೇಳಕ್ಕೂ ನಡುವಿನವರು ಎರಡು ದಿನ ಮುಳುಗಿ ಓದುವಂಥ, ನಮ್ಮ ಜನಪದ ಕಥೆಯ ಎದೆ ಬಗೆದು ಬರೆದ ಕಾದಂಬರಿ ಬೇಕೆಂದು ಮೈಸೂರಿನ ಎರಡು ಅಂಗಡಿಗಳಲ್ಲಿ ಕೇಳಿದೆ, ಕೈಗೆ ಬರಲಿಲ್ಲ. ಅದು ನನ್ನನ್ನು ನಿಜವಾಗಿ ನೋಯಿಸುತ್ತದೆ.

ಕಥೆಗಳಿಗೇನು ಕೊರತೆ? ಮೇರಿಯನ್ ಕಾಕ್ಸ್ 1893ರಲ್ಲೇ ಸಿಂಡ್ರೆಲಾ ಬಗೆಯ 345 ಪಾಠಗಳನ್ನು ಒಟ್ಟುಹಾಕಿದ್ದರು. ಒಂಬತ್ತನೆಯ ಶತಮಾನದ ಚೀನಾದ ಯೆ ಶಿಯೆನ್ ಎಂಬ ಹುಡುಗಿಯೂ ಇದೇ ಬಳಗದವಳು. ಈ ಬಳಗಕ್ಕೆ ನಮ್ಮವಳೂ ಒಬ್ಬಳಿದ್ದಾಳೆ. ಅಲನ್ ಡಂಡಿಸ್ 1982ರಲ್ಲಿ ಸಂಪಾದಿಸಿದ ಸಿಂಡ್ರೆಲಾ ಕುರಿತ ಸಂಕಲನದಲ್ಲಿ ರಾಮಾನುಜನ್ ಕನ್ನಡದ ‘ಹಂಚಿ’ಯ ಕಥೆಯನ್ನು ವಿಶ್ಲೇಷಣೆಯ ಸಮೇತ ಕೊಟ್ಟಿದ್ದಾರೆ. ಚಿನ್ನದ ಕೂದಲಿನ ಹುಡುಗಿ. ಒಡಹುಟ್ಟಿದವನ ಕಣ್ಣೇ ಅವಳ ಮೇಲೆ ಬಿದ್ದಾಗ ತಾಯಿ ಅವಳ ಮುಖಕ್ಕೆ ಮಣ್ಣಿನ ಮುಖವಾಡ ಕೊಟ್ಟು ಮನೆಯಿಂದ ದೂರ ಕಳಿಸುತ್ತಾಳೆ. ಹಂಚಿ ಸಾಹುಕಾರನೊಬ್ಬನ ಮನೆಯಲ್ಲಿ ಕೆಲಸದವಳಾಗುತ್ತಾಳೆ. ಮುಖವಾಡ ತೆಗೆದು ಸ್ನಾನ ಮಾಡುವಾಗ ಆ ಮನೆಯ ಮಗ ಕಾಣುತ್ತಾನೆ, ಮದುವೆಯಾಗುತ್ತದೆ. ಗ್ರಿಮ್ ಕಥೆಯಾಗಿದ್ದರೆ ಅಲ್ಲಿಗೆ ಮಂಗಳ. ಹಂಚಿಯ ಕಷ್ಟ ಅಲ್ಲಿಂದಲೇ ಹೊಸದಾಗಿ ಶುರು. ಮನೆತನದ ಗುರು ಅವಳ ಮೇಲೆ ಆಸೆಪಟ್ಟು, ಮಾಟ ಫಲಿಸದಾಗ ಅಪವಾದ ಹೊರಿಸಿ, ಪೆಟ್ಟಿಗೆಯಲ್ಲಿ ಹಾಕಿಸಿ ಹೊರಗಟ್ಟಿಸುತ್ತಾನೆ. ಮುದುಕಿಯೊಬ್ಬಳು ಅವಳನ್ನು ಬಿಡಿಸಿ ಪೆಟ್ಟಿಗೆಯಲ್ಲಿ ಹುಚ್ಚುನಾಯಿ ಇಡುತ್ತಾಳೆ. ಗುರು ಆಸೆಯಿಂದ ಮುಚ್ಚಳ ತೆಗೆಯುತ್ತಾನೆ. ನಮ್ಮ ಹೆಂಗಸರು ಹೇಳುತ್ತ ಬಂದ ಕಥೆಗಳಲ್ಲಿ ಮದುವೆ ಕೊನೆಯಲ್ಲ, ನಡುವೆ ಬರುವ ಒಂದು ತಿರುವು ಎಂಬುದನ್ನು ರಾಮಾನುಜನ್ ಬೇರೆ ಬೇರೆ ಕಡೆ ತೋರಿಸಿಕೊಟ್ಟಿದ್ದಾರೆ. ಗಾಜಿನ ಚಪ್ಪಲಿಯ ಕಥೆಗಿಂತ ಇದು ಗಟ್ಟಿ ಕಥೆ ಎಂದು ನಾನು ನಂಬುತ್ತೇನೆ.

ಈ ಕಥೆಯನ್ನು ನಾನೇ ಅವಳಿಗೆ ಹೇಳಿದೆ. ಒಡಹುಟ್ಟಿದವನ ಭಾಗ ಬಂದಾಗ ದನಿ ಸ್ವಲ್ಪ ತಗ್ಗಿತು, ಬಿಡದೆ ಹೇಳಿದೆ. ಶಾಲೆಯಲ್ಲಿ ಒಳ್ಳೆಯ ಸ್ಪರ್ಶ ಕೆಟ್ಟ ಸ್ಪರ್ಶದ ಪಾಠ ಕೇಳಿದ ಪೀಳಿಗೆ ಅದು, ನನಗಿಂತ ನೇರವಾಗಿ ತೆಗೆದುಕೊಂಡಳು. ಆಮೇಲೆ ಪ್ರಶ್ನೆಗಳು ಶುರುವಾದವು. ತಪ್ಪು ಅವನದಾದರೆ ಮನೆ ಬಿಟ್ಟವಳು ಇವಳು ಯಾಕೆ? ಅಮ್ಮ ಅವನಿಗೆ ಏನೂ ಹೇಳಲಿಲ್ವಾ? ಮುಖವಾಡ ಹಾಕಿಕೊಂಡು ಒಲೆ ಮುಂದೆ ಕೂತರೆ ಸೆಖೆ ಆಗಲ್ವಾ, ಅದರೊಳಗೆ ಉಸಿರು ಹೇಗೆ ಆಡ್ತಿತ್ತು? ಎಲ್ಲರ ಜೊತೆ ಕೂತು ಊಟ ಮಾಡ್ತಿದ್ಲಾ, ಒಬ್ಬಳೇನಾ? ಮಲಗುವಾಗ ತೆಗೀತಿದ್ಲಾ? ಪಕ್ಕದಲ್ಲಿ ಮಲಗೋ ಕೆಲಸದವಳಿಗೆ ಒಂದಿನಾನೂ ಗೊತ್ತಾಗಲಿಲ್ವಾ, ಗೊತ್ತಾಗಿಯೂ ಸುಮ್ಮನಿದ್ದಳಾ?

ಕೊನೆಯ ಪ್ರಶ್ನೆಯಲ್ಲಿ ಕಥೆಯಲ್ಲಿಲ್ಲದ ಒಂದು ಹೊಸ ಪಾತ್ರವೇ ಹುಟ್ಟಿತ್ತು. ಆ ಪಕ್ಕದ ಕೆಲಸದವಳಿಗೆ ಏನು ಹೆಸರಿಡೋಣ ಎಂದು ಕೇಳಿದೆ.